ಬಾಲ ಬಿಟ್ಟ ಗಂಟು

"ಬೆಸುಗೆ ಹಾಕಿದ ಮೇಲೆ ಆ ಡಬ್ಬಿನ ಹೇಗೆ ವಾಪಸ್ ಕೊಡ್ಲಿ? ಅವರ ಬಾಗಿಲಲ್ಲಿ ನಿಂತು ನೀವು ಹೇಳ್ತೀರಾ?"

"ಹೊಸದು ಕೊಡಿಸಿದ್ರಾಯ್ತು. ಒಂದು ಹಳೇ ಊಟದ ಡಬ್ಬಿಗೆ ಇಷ್ಟು ರಂಪ ಯಾಕಮ್ಮ?"

"ಹಳೇದೇ ಬೇಕು ಅಂತ ನೀವೇ ತಾನೇ ತರಿಸಿದ್ದು? ಹೊಸದು ಆಗೋದಿದ್ರೆ ಅಂಗಡಿಗೆ ಕಳಿಸಬೇಕಿತ್ತು."

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನಲ್ಲಿ ಏಣಿ ಹತ್ತಿ ನಿಂತು ಜಗಳವಾಡುತ್ತಿರುವವಳು ಕಂಬಿಯಕ್ಕ. ಕೆಳಗೆ ಕೈಕಟ್ಟಿ ನಿಂತವರು ಅವಳನ್ನು ಕೆಲಸಕ್ಕಿಟ್ಟುಕೊಂಡ ಕಲಾವಿದರು. ಬಾಗಿಲಲ್ಲಿ ಬೆಸುಗೆಯವನು ಸಿಲಿಂಡರ್ ಇಳಿಸಿಕೊಂಡು, ಯಾರ ಮುಖ ನೋಡಬೇಕೆಂದು ತಿಳಿಯದೆ ಸಿಲಿಂಡರಿನ ಮುಖವನ್ನೇ ನೋಡುತ್ತಿದ್ದಾನೆ. ಕಂಬಿಯಕ್ಕನ ಬಗ್ಗೆ ಬರೆಯಲು ಬಂದ ನಾನು ಮೂಲೆಯಲ್ಲಿದ್ದೇನೆ.

ನಡುವೆ ನಿಂತಿರುವುದು ಕಬ್ಬಿಣದ ಕಂಬಿಗಳ ಮರ. ಕೊಂಬೆ ತುಂಬ ಜನರ ಮನೆಯ ಸಾಮಾನು: ಹಿಡಿಗೆ ಬಟ್ಟೆ ಸುತ್ತಿದ ಕೆಟಲು, ಲಾಟೀನು, ಇಸ್ತ್ರಿಪೆಟ್ಟಿಗೆ, ಹಲ್ಲುದುರಿದ ಬಾಚಣಿಗೆ. ಹೆಸರು 'ನೆನಪಿನ ಮರ'. ಪ್ರದರ್ಶನ ಮುಗಿದಿದೆ. ಈಗ ಒಂದು ದೊಡ್ಡ ಹೋಟೆಲು ಮರವನ್ನು ಕೊಂಡಿದೆ. ಅತಿಥಿಗಳ ತಲೆ ಮೇಲೆ ಏನೂ ಬೀಳಬಾರದು, ಆದ್ದರಿಂದ ಎಲ್ಲಕ್ಕೂ ಬೆಸುಗೆ ಹಾಕಬೇಕಂತೆ.

ಈ ಸಾಮಾನನ್ನು ಮನೆಮನೆಗೆ ಹೋಗಿ ಕೇಳಿ ತಂದವಳು ಕಂಬಿಯಕ್ಕ. ಕಲಾವಿದರಿಗೆ ತೆರೆಯದ ಬಾಗಿಲು ಅವಳಿಗೆ ತೆರೆಯಿತು. ಎಲ್ಲ ಕಡೆ ಅವಳು ಆಡಿದ ಮಾತು ಒಂದೇ: "ನೋಡೋರೆಲ್ಲ ನೋಡಿದ ಮೇಲೆ ನಾನೇ ತಂದು ಕೊಡ್ತೀನಿ." ಟೈಲರಮ್ಮ ತೀರಿಹೋದ ಗಂಡನ ಊಟದ ಡಬ್ಬಿ ಕೊಟ್ಟಳು. ಕಾರ್ಖಾನೆಯಲ್ಲಿ ಅದಲುಬದಲಾಗದಿರಲೆಂದು ಆತ ಮುಚ್ಚಳದ ಒಳಗೆ ಮೊಳೆಯಿಂದ ತನ್ನ ಹೆಸರು ಕೆತ್ತಿದ್ದ. ಅವನ ಕೈಬರಹವೆಂದು ಅವಳ ಬಳಿ ಉಳಿದಿರುವುದು ಅಷ್ಟೇ. ರೈಲ್ವೆ ಗೇಟು ಕಾಯುತ್ತಿದ್ದ ತಾತ ತನ್ನ ಲಾಟೀನು ಕೊಟ್ಟರು.

ಅದಕ್ಕೂ ಮೊದಲು ಅವಳು ಕಟ್ಟಡಗಳಲ್ಲಿ ಕಂಬಿ ಕಟ್ಟುತ್ತಿದ್ದಳು. ಬೆಳಗಿನಿಂದ ಸಂಜೆವರೆಗೆ ಬಗ್ಗಿ, ತಂತಿ ಸುತ್ತಿ, ಕೊಕ್ಕೆಯಿಂದ ತಿರುವುವ ಕೆಲಸ. ಬಲ ಮಣಿಕಟ್ಟು ಊದಿಕೊಂಡಿದೆ. ಟೀ ಲೋಟ ಎಡಗೈಯಲ್ಲೇ ಹಿಡಿಯುತ್ತಾಳೆ.

ಮರಕ್ಕೆ ಕಟ್ಟುವಾಗಲೂ ಆ ಕೈಗೆ ಹಳೇ ಚಾಳಿ ಬಿಡಲಿಲ್ಲ. ಲಾಟೀನನ್ನು ಬಿಗಿಯಾಗಿ ಕಟ್ಟಿ ತಂತಿಯ ತುದಿ ಕತ್ತರಿಸಿಬಿಟ್ಟಳು. ತಾತನಿಗೆ ಒಮ್ಮೆ ಕೈಯಲ್ಲಿ ಹಿಡಿಯುವ ಆಸೆಯಾಗಿ ಬಂದಾಗ ಕಟರ್ ಹಾಕಿ ಬಿಡಿಸಬೇಕಾಯಿತು. ಹಿಡಿಗೆ ಗೀರು ಬಿತ್ತು.

"ತಾತ ಬಯ್ದಿದ್ರೆ ಸರಿಹೋಗ್ತಿತ್ತು. ಗೀರನ್ನ ಬೆರಳಲ್ಲಿ ಸವರಿ ಸುಮ್ನೆ ಹೋದ್ರು" ಎನ್ನುತ್ತಾಳೆ. "ಕಟ್ಟಡದಲ್ಲಿ ಕಟ್ಟಿದ್ದನ್ನ ಸಿಮೆಂಟು ನುಂಗುತ್ತೆ, ಯಾರೂ ಬಿಚ್ಚಲ್ಲ. ಇಲ್ಲಿ ಹಾಗಲ್ಲ ಅಂತ ಕೈಗೆ ಗೊತ್ತಾಗಲಿಲ್ಲ."

ಆಮೇಲೆ ಇಡೀ ಮರವನ್ನು ಬಿಚ್ಚಿ ಮತ್ತೆ ಕಟ್ಟಿದಳು, ಪ್ರತಿ ಗಂಟಿಗೂ ಬೆರಳುದ್ದ ಬಾಲ ಬಿಟ್ಟು. "ಬಾಲ ಹಿಡಿದು ಎಡಕ್ಕೆ ತಿರುವಿದ್ರೆ ಬಿಚ್ಕೊಳ್ಳುತ್ತೆ. ನಾನಿಲ್ದಿದ್ರೂ ಅವರವರದ್ದು ಅವರು ತಗೋಬಹುದು."

ಈ ಗಂಟಿನ ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಕಲಾವಿದರ ಹೆಸರು ಬೋರ್ಡಿನಲ್ಲಿ ಹಲಸಿನ ಹಣ್ಣಿನಷ್ಟು ದಪ್ಪಗಿದೆ. ಸಾಮಾನು ಕೊಟ್ಟವರು 'ಜನಸಾಮಾನ್ಯರು', ಕಟ್ಟಿದವಳು ಯಾರೂ ಅಲ್ಲ. ನನಗೆ ಕಲೆ ಅಷ್ಟಾಗಿ ತಿಳಿಯದು. ಆದರೆ ಕೇಳಿ ತಂದದ್ದನ್ನು ಮಾರಬಾರದು ಎಂಬುದು ನಮ್ಮ ಹಳ್ಳಿಶಾಲೆಯ ಒಂದನೇ ತರಗತಿಗೂ ಗೊತ್ತಿತ್ತು. ನೆನಪಿನ ಹೆಸರಲ್ಲಿ ಊರೆಲ್ಲ ಭಾಷಣ ಮಾಡಿ, ನೆನಪಿನ ವಾರಸುದಾರರನ್ನೇ ಮರೆಯುವುದಕ್ಕೆ ಎಂಥ ದಪ್ಪ ಚರ್ಮ ಬೇಕು? ಅತ್ತೆಯ ಧನ, ಅಳಿಯನ ದಾನ.

"ಕಟ್ಟಿದ್ದು ನೀನಿರಬಹುದು. ಕೃತಿ ನನ್ನದು" ಎನ್ನುತ್ತಾರೆ ಕಲಾವಿದರು.

"ಕೃತಿ ನಿಮ್ಮದೇ, ಯಾರು ಇಲ್ಲ ಅಂದ್ರು? ಡಬ್ಬಿ ಟೈಲರಮ್ಮಂದು."

ಬಾಲ ಹಿಡಿದು ತಿರುವುತ್ತಾಳೆ. ಡಬ್ಬಿ ಕೈಗೆ ಬರುತ್ತದೆ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಏಣಿ ಇಳಿಯುತ್ತಾಳೆ. ಕೊಕ್ಕೆಯನ್ನು ಮೇಜಿನ ಮೇಲಿಟ್ಟು ಹೊರಡುತ್ತಾಳೆ. "ಈಗ ಹೋದ್ರೆ ಮತ್ತೆ ಈ ಕಡೆ ಬರಬೇಡ" ಎಂಬ ಮಾತಿಗೆ ತಿರುಗಿಯೂ ನೋಡುವುದಿಲ್ಲ.

ನಾನು ಕಾಯುತ್ತೇನೆ. ಬಿಸಿಲೇರುತ್ತದೆ. ಕಲಾವಿದರು ಒಳಕೋಣೆಯಲ್ಲಿ ಹೋಟೆಲಿನವರಿಗೆ ಫೋನಿನಲ್ಲಿ ಸಮಾಧಾನ ಹೇಳುತ್ತಿದ್ದಾರೆ. ಅವಳು ಬರುವುದಿಲ್ಲ.

ಬರುವವರು ಗೇಟಿನ ತಾತ, ಕಂಕುಳಲ್ಲಿ ಖಾಲಿ ಚೀಲ. ಅವರ ಹಿಂದೆ ಬೀದಿಯ ಇನ್ನಷ್ಟು ಜನ. ಕಂಬಿಯಕ್ಕ ಮನೆಮನೆಗೆ ಹೋಗಿ ಹೇಳಿದಳಂತೆ. ಬೆಸುಗೆಯವನು ಸಿಲಿಂಡರನ್ನು ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತಾನೆ.

ತಾತ ಲಾಟೀನಿನ ತಂತಿ ಹಿಡಿದು ನನ್ನತ್ತ ನೋಡುತ್ತಾರೆ.

"ಯಾವ ಕಡೆಗಪ್ಪಾ ತಿರುವಬೇಕು?"

"ಎಡಕ್ಕೆ" ಎನ್ನುತ್ತೇನೆ.