ನೆರವು ನಿಂತ ವರ್ಷ

ತೊಂಬತ್ತರ ದಶಕದ ಕೊನೆಗೆ ನಾನು ಮರಾಠಿ ಸೀಮೆಯಲ್ಲಿ, ಶಿವಾಜಿನಗರದ ಒಂದು ಸಣ್ಣ ಸಂಸ್ಥೆಯಲ್ಲಿ ಟೈಪಿಸ್ಟ್ ಆಗಿದ್ದೆ. ದೇಹೂ ರೋಡ್ ಹತ್ತಿರ ಕಟ್ಟಡ ಏಳುತ್ತಿದ್ದ ಜಾಗದಲ್ಲಿ ನಮ್ಮದೊಂದು ಬಾಲವಾಡಿ ಇತ್ತು. ಯಾದಗಿರಿ ಕಡೆಯಿಂದ ದುಡಿಯಲು ಬಂದು ಕಟ್ಟಡದ ಆವರಣದಲ್ಲೇ ವಾಸವಿದ್ದ ಹೆಂಗಸರು ಮಕ್ಕಳನ್ನು ಬಾಲವಾಡಿಯಲ್ಲಿ ಬಿಟ್ಟು ಇಟ್ಟಿಗೆ ಹೊರುತ್ತಿದ್ದರು. ತಗಡಿನ ಕೋಣೆ ಗುತ್ತಿಗೆದಾರನದು. ಹಾಲು, ಬರೆಯುವ ಪಾಟಿ, ಟೀಚರ್ ಸಂಬಳ ಯುರೋಪಿನ ಒಂದು ದೇಶದ ನೆರವಿನದು.

ಮಾನವ ಹಕ್ಕು ತುಳಿಯುವ ಕಡೆ ತಮ್ಮ ನೆರವು ಹೋಗಬಾರದೆಂದು ಆ ದೇಶದವರು ಒಂದು ವರ್ಷ ನಿಯಮ ಮಾಡಿದರು. ನೋಡಿಹೋಗಲು ಒಬ್ಬ ಮಹಿಳಾ ಅಧಿಕಾರಿ ಬಂದರು. ಸಂಸ್ಥೆಯಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ, ಹಾಗಾಗಿ ದುಭಾಷಿಯೂ ನಾನೇ. ಹೊರಡುವಾಗ ಸಂಸ್ಥೆ ನಡೆಸುತ್ತಿದ್ದ, ನಾವೆಲ್ಲ 'ಬಾಯಿ' ಎಂದು ಕರೆಯುತ್ತಿದ್ದ ಮಹಿಳೆ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: "ಮಕ್ಕಳ ವಿಷಯ ಹೇಳು, ಸಾಕು."

ಅಧಿಕಾರಿ ಒಬ್ಬ ಬಾಣಂತಿಯ ಎದುರು ನೆಲದ ಮೇಲೇ ಕೂತು, ಇಲ್ಲಿ ಏನು ತೊಂದರೆ ಎಂದು ನನ್ನಿಂದ ಕೇಳಿಸಿದರು.

"ಮಕ್ಕಳದು ಚೊಲೋ ನಡದದರಿ. ಆದರ ಸಂಜೀಗೆ ಗುತ್ತೇದಾರ ನಮ್ಮನ್ನ ಒಳಗಿಟ್ಟು ಗೇಟಿಗೆ ಕೀಲಿ ಹಾಕಸ್ತಾನ. ನನಗ ಬ್ಯಾನಿ ಬಂದಾಗ ವಾಚಮನ್ ಇರಲಿಲ್ಲ. ಉಸುಕಿನ ಮ್ಯಾಲೇ ಹಡದೆ."

ಜೊತೆಗೆ ಬಂದಿದ್ದ ಬಾಯಿಗೆ ಕನ್ನಡ ತಿಳಿಯದು. ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ, ಉಸುಕನ್ನೂ ಬಿಡಲಿಲ್ಲ.

ಕೆಲವು ವಾರಗಳ ಮೇಲೆ ನೆರವು ನಿಲ್ಲಿಸಿದ ಕಾಗದ ಬಂತು. ಬಾಲವಾಡಿ ಮುಚ್ಚಿತು. ಆ ಭಾನುವಾರ ನಾನು ಲೋಣಾವಳಾ ಲೋಕಲ್ ರೈಲು ಹಿಡಿದು ಆ ಬಾಣಂತಿಯಲ್ಲಿಗೆ ಹೋದೆ. ಬಾಲವಾಡಿ ಯಾಕೆ ಮುಚ್ಚಿತೆಂದು ಹೇಳುವಷ್ಟರಲ್ಲಿ ಅಳು ಬಂತು.

"ನಾ ಹೇಳಿದ್ದು ಹಂಗ ಹೇಳಿದ್ರೇನ್ರಿ, ಅಕ್ಕಾರ?"

"ಹೌದವ್ವಾ. ಅದಕ್ಕ ಬಂದ್ ಆತು."

"ಮತ್ತ ನೀವ್ಯಾಕ ಅಳ್ತೀರಿ? ಕೀಲಿ ಹಾಕಿದವರು ನೀವೇನು?" ಎಂದಳು. ಅಧಿಕಾರಿ ಬಂದುಹೋದ ದಿನದಿಂದ ಗುತ್ತಿಗೆದಾರ ಹೆದರಿ ಗೇಟು ತೆರೆದೇ ಇಡುತ್ತಿದ್ದನಂತೆ. ಮಕ್ಕಳನ್ನು ಹೆಂಗಸರೇ ಪಾಳಿ ಹಚ್ಚಿ ನೋಡಿಕೊಳ್ಳುತ್ತಿದ್ದರು. ಪಾಳಿಯವಳಿಗೆ ಆ ದಿನದ ಕೂಲಿ ಇಲ್ಲ.

ಇದನ್ನು ಹೇಳಿದಾಗ ಬಾಯಿ ಒಂದು ಹಾಳೆ ನನ್ನ ಮುಂದಿಟ್ಟು, "ಬರಿ, ಇದ್ದದ್ದು ಇದ್ದಹಾಗೆ ಬರಿ" ಎಂದರು. ಬೀಗ ತೆಗೆದಿದೆ, ನೆರವು ಮತ್ತೆ ಕೊಡಿ ಎಂದು ನಾವಿಬ್ಬರೂ ಕೂತು ಬರೆದೆವು. ಉತ್ತರ ಮೃದುವಾಗಿತ್ತು: ಆ ವರ್ಷದ ಪಾಲು ಆಗಲೇ ಬೇರೆ ದೇಶಕ್ಕೆ ಹೋಗಿದೆ.

ಕಟ್ಟಡ ಮುಗಿದು ಆ ಹೆಂಗಸರು ಬೇರೆ ಕಡೆ ಹೋದರು. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಅವಳ ಮಾತನ್ನು ಅರ್ಧಕ್ಕೆ ನಿಲ್ಲಿಸಬೇಕಿತ್ತು ಎಂದು ಮಾತ್ರ ಯಾವತ್ತೂ ಅನ್ನಿಸಿಲ್ಲ.