ಒಂದು ಚಮಚ ಮೊಸರು

ಅಕ್ಕನ ಬಾಯಿಗೆ ಮೊಸರು-ಸಕ್ಕರೆ ಹಾಕಿದವಳು ನಾನೇ. ಇದರಲ್ಲಿ ನೆನಪಿನ ಮೋಸವಿಲ್ಲ, ಅಂದೇ ಡೈರಿಯಲ್ಲಿ ಬರೆದಿದ್ದೇನೆ. ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಬಾಗಿಲಲ್ಲಿ ನಿಲ್ಲಿಸಿ ಒಂದು ಚಮಚ ತಿನ್ನಿಸದೆ ನಮ್ಮ ಧಾರವಾಡದ ಮನೆಯಿಂದ ಯಾರನ್ನೂ ಕಳಿಸಿದ್ದಿಲ್ಲ. ಮಸ್ಕತ್ತಿನಿಂದ ಎರಡು ತಾಸು ದೂರದ ಸೂರ್ ಪಟ್ಟಣದ ಫ್ಲಾಟಿನಲ್ಲೂ ಕೈ ತಾನಾಗಿ ಡಬ್ಬಿ ತೆರೆಯಿತು.

ಎರಡು ವರ್ಷಗಳಿಂದ ಅಕ್ಕನಿಗೆ ಖಿನ್ನತೆ. ಮಾತ್ರೆಗಳು ಬದಲಾದವು, ಅವಳು ಹಾಗೇ ಇದ್ದಳು. ಎದುರಿಗಿಟ್ಟದ್ದನ್ನು ತಿನ್ನುವಳು; ಇದು ಬೇಕು ಎಂದು ಒಮ್ಮೆಯೂ ಕೇಳಿದವಳಲ್ಲ. ಕೊನೆಗೆ ಮಸ್ಕತ್ತಿನ ವೈದ್ಯರು ಕೆಟಮಿನ್ ಸೂಚಿಸಿದರು. ಆಪರೇಷನ್ನಿಗೆ ಮೊದಲು ಪ್ರಜ್ಞೆ ತಪ್ಪಿಸಲು ಕೊಡುವ ಔಷಧ ಅದು. ಕಡಿಮೆ ಕೊಟ್ಟರೆ ಎಚ್ಚರದಲ್ಲೇ ಕನಸಿನಂಥದ್ದು ಕಾಣಿಸುತ್ತದಂತೆ, ಕೆಲವರಿಗೆ ಖಿನ್ನತೆಯ ಹಿಡಿತ ಸಡಿಲವಾಗುತ್ತದಂತೆ. ಡೈರಿಯಲ್ಲಿ 'ಕೆಲವರಿಗೆ' ಎಂಬುದರ ಕೆಳಗೆ ಗೆರೆ ಎಳೆದಿದ್ದೆ. ಆದರೂ ಕಾರು ಓಡಿಸುವಾಗ ದಾರಿಯುದ್ದಕ್ಕೂ ಎದೆ ಕುಣಿಯುತ್ತಿತ್ತು.

"ಬೆಳಿಗ್ಗೆಯಿಂದ ಎಂತ ಸಹ ತಿನ್ಲಿಲ್ಲ ಅಲ್ವಾ ಇವರು?" ಮಸ್ಕತ್ತಿನ ಆಸ್ಪತ್ರೆಯಲ್ಲಿದ್ದ ಮಂಗಳೂರು ಕಡೆಯ ನರ್ಸ್ ಕೇಳಿದಳು.

"ಏನೂ ಇಲ್ರೀ. ಒಂದ್ ಚಮಚಾ ಮೊಸರು, ಅಷ್ಟ," ಅಂದೆ.

"ಅಯ್ಯೋ ದೇವರೇ! ಖಾಲಿ ಹೊಟ್ಟೆ ಅಂತ ಫೋನಲ್ಲಿ ಹೇಳಿದ್ದಲ್ವಾ ನಾನು?"

"ಹೊರಡೂ ಮುಂದ ಕೊಡೂ ಮೊಸರು ಊಟ ಅಲ್ಲಲ್ರೀ..."

"ಇವರು ಎಂತ, ಎಕ್ಸಾಮ್ ಬರೀಲಿಕ್ಕೆ ಬಂದದ್ದಾ?"

ಔಷಧ ಹೋಗುವಾಗ ವಾಂತಿಯಾದರೆ ಅಪಾಯ. ಮಧ್ಯಾಹ್ನದವರೆಗೆ ಕಾಯಬೇಕು, ಅಷ್ಟರಲ್ಲಿ ಹಾಸಿಗೆ ಬೇರೆಯವರಿಗೆ ಹೋದರೆ ಮುಂದಿನ ತಿಂಗಳು. ಅಕ್ಕ, "ಮನೀಗೆ ಹೋಗೂಣ ನಡಿ," ಅಂದಳು. ನಾನು ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟೆ. ಮುಂದಿನ ತಿಂಗಳು ಅವಳು ಮನೆಯಿಂದ ಹೊರಡುವುದೇ ಇಲ್ಲ ಎಂದು ಗೊತ್ತಿತ್ತು.

ಮೂರಕ್ಕೆ ಕರೆದರು. ಡ್ರಿಪ್ ಮುಕ್ಕಾಲು ಗಂಟೆ ನಡೆಯಿತು. ನಡುವೆ ಅಕ್ಕ ನಕ್ಕಳು ಎಂದು ಡೈರಿಯಲ್ಲಿದೆ. ಅವಳು ಮಾತ್ರ, ತಾನು ಅತ್ತದ್ದು ಅನ್ನುತ್ತಾಳೆ. ಬೆಳಕು ಚುಚ್ಚದಿರಲೆಂದು ಅವಳ ಕಣ್ಣಿಗೆ ಪಟ್ಟಿ ಕಟ್ಟಿದ್ದರು, ನನಗೆ ಕಂಡದ್ದು ಬಾಯಿ ಮಾತ್ರ. ಕಾಣಬೇಕೆಂದುಕೊಂಡದ್ದನ್ನೇ ಬರೆದೆನೋ ಏನೋ.

ಮುಂದಿನದ್ದಕ್ಕೆ ಮಾತ್ರ ನರ್ಸ್ ಕೂಡ ಸಾಕ್ಷಿ. ಪಟ್ಟಿ ತೆಗೆದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. ಆಮೇಲೆ, "ಆ ಮೊಸರಿನ ಡಬ್ಬಿ ತಂದೀಯೇನು?" ಅಂದಳು.

"ಯಾಕ?"

"ಹಸಿವಾಗೈತಿ."

ಲಿಫ್ಟಿಗೆ ಕಾಯುವ ತಾಳ್ಮೆ ಎಲ್ಲಿತ್ತು! ಮೆಟ್ಟಿಲು ಹಾರಿ ಹಾರಿ ಕೆಳಗಿನ ಅಂಗಡಿಗೆ ಓಡಿದೆ. ಇದು ಮೊದಲ ಸಲ, ಇನ್ನೂ ಐದು ಬಾಕಿ, ಗುಣ ನಿಲ್ಲುತ್ತದೆಂಬ ಭರವಸೆಯಿಲ್ಲ ಎಂದು ವೈದ್ಯರು ಎಚ್ಚರಿಸಿದ್ದು ನೆನಪಿತ್ತು. ಆದರೂ ಅರ್ಧ ಕಿಲೋ ಡಬ್ಬಿಯನ್ನೇ ತಂದೆ.

ನರ್ಸ್ ತಿನ್ನಬಹುದು ಎಂದ ಮೇಲೆ ಅಕ್ಕ ಚಮಚವನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಒಂದು ತುತ್ತು ತಿಂದು ಮುಖ ಕಿವುಚಿದಳು.

"ಸಕ್ರಿ ಎಲ್ಲೈತಿ?"