ಮೊದಲು ಮರೆಪ್ಪ, ಆಮೇಲೆ ದೊಡ್ಡವ್ವ

ಕಮಲಾಪುರದ ನಮ್ಮ ದೊಡ್ಡವ್ವ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಬೆಳಿಗ್ಗೆ ಏಳಕ್ಕೆ, ನಗರದ ಖೂಬಾ ಪ್ಲಾಟ್ ಬಡಾವಣೆಯ ಮನೆಯಲ್ಲಿ ಚಹಾ ಕುಡಿಯುವಾಗ. ಅಲ್ಲಿನ ಬಂಧುಗಳಲ್ಲಿ ಒಬ್ಬರೂ ಫೋನು ಮಾಡಿರಲಿಲ್ಲ. ಅವನು ಹೇಳಿರುತ್ತಾನೆಂದು ಇವನು, ಇವನು ಹೇಳಿರುತ್ತಾನೆಂದು ಅವನು. ಹೇಳಿದ್ದು ಶಾಂತಾಬಾಯಿಯ ಬೋರ್ಡು.

ಶಾಂತಾಬಾಯಿ ಕಮಲಾಪುರ ಬಸ್ ನಿಲ್ದಾಣದ ಹತ್ತಿರ ಬಟ್ಟೆ ಹೊಲಿಯುವಾಕೆ. ತನ್ನ ಅಂಗಡಿಯ ಬಿಳಿ ಗೋಡೆಯಲ್ಲಿ ಒಂದಿಷ್ಟು ಜಾಗಕ್ಕೆ ಕಪ್ಪು ಬಳಿದು, ಚಾಕ್‌ಪೀಸಿನಲ್ಲಿ ದಿನಾ ಊರಿನ ಸುದ್ದಿ ಬರೆಯುತ್ತಾಳೆ. ಇವತ್ತು ನಳದ ನೀರು ಯಾವ ಓಣಿಗೆ, ಯಾರ ಮನೆಯಲ್ಲಿ ಮದುವೆ, ಯಾರು ತೀರಿಕೊಂಡರು. ಅದರ ಫೋಟೋ ಊರು ಬಿಟ್ಟ ನಮ್ಮಂಥವರ ಫೋನಿಗೂ ಬರುತ್ತದೆ. ಆ ದಿನ ಎರಡು ಸಾವು. ಮೊದಲ ಸಾಲಿನಲ್ಲಿ ಹಮಾಲ ಮರೆಪ್ಪ, ಮಣ್ಣು ಮಾಡುವುದು ಸಂಜೆ ಐದಕ್ಕೆ. ಎರಡನೆಯ ಸಾಲಿನಲ್ಲಿ ನಮ್ಮ ದೊಡ್ಡವ್ವ, ಮಣ್ಣು ಮೂರಕ್ಕೆ.

ಅರವತ್ತು ರೂಪಾಯಿ ಕೊಟ್ಟು ಆಟೋದಲ್ಲಿ ಬಸ್ ನಿಲ್ದಾಣಕ್ಕೆ ಬಂದೆ. ಹುಮನಾಬಾದ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಸೀಟು ಮಾತ್ರ ದೈವಾಧೀನ. ಮಹಾಗಾಂವ ಕ್ರಾಸಿನವರೆಗೆ ನಿಂತೇ ಹೋದೆ. ಅಲ್ಲಿ ಸರಿದು ಜಾಗ ಕೊಟ್ಟ ಮುದುಕಿ ಮರೆಪ್ಪನ ಮಣ್ಣಿಗೆ ಹೊರಟವಳು. ನಾನು ಯಾರ ಮನೆಯವಳೆಂದು ತಿಳಿದು, ನಿಮ್ಮ ಮನೆಯ ತೊಗರಿ ಚೀಲ ಹೊತ್ತೇ ಅವನ ಬೆನ್ನು ಬಾಗಿತ್ತು ಎಂದಳು.

ಹನ್ನೊಂದರ ಸುಮಾರಿಗೆ ಇಳಿದೆ. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಬೋರ್ಡಿನ ಮೇಲೆ ಅಕ್ಷರವೇ ಇರಲಿಲ್ಲ. ಹಸಿ ಕಪ್ಪು ಬಣ್ಣ ಇಳಿಯುತ್ತಿತ್ತು. ಕೆಳಗೆ ಎಣ್ಣೆಬಣ್ಣದ ಡಬ್ಬಿ, ಬ್ರಷ್ಷು. ಪಕ್ಕದಲ್ಲಿ ದೊಡ್ಡವ್ವನ ಹಿರಿಯ ಮಗ ಬಸವರಾಜಣ್ಣ.

ಕಥೆ ಇಷ್ಟೇ. ಹಿಂದೆ ದೊಡ್ಡ ಮನೆಗಳಲ್ಲಿ ಸಾವಾದರೆ ಶಾಂತಾಬಾಯಿಯ ಅಪ್ಪ ಓಣಿ ಓಣಿ ತಿರುಗಿ ಡಂಗುರ ಸಾರಬೇಕಿತ್ತು. ಅದೇ ಪದ್ಧತಿಯೆಂದು ಅಣ್ಣ ಆಕೆಯ ತಮ್ಮನಿಗೆ ಹೇಳಿಕಳಿಸಿದ್ದ. ಕಚೇರಿಯಲ್ಲಿ ಗುಮಾಸ್ತನಾಗಿರುವ ಆತ, ಆ ಕೆಲಸ ಅಪ್ಪನಿಗೇ ಮುಗಿಯಿತು ಎಂದುಬಿಟ್ಟ. ಅದರ ಮೇಲೆ ಬೋರ್ಡಿನಲ್ಲಿ ಹಮಾಲನ ಕೆಳಗೆ ತಾಯಿಯ ಹೆಸರು. ಹೆಣ ಮನೆಯಲ್ಲಿಟ್ಟುಕೊಂಡು ಬ್ರಷ್ಷು ಹಿಡಿಯಲು ಇವನಿಗೆ ಪುರುಸೊತ್ತು ಸಿಕ್ಕಿತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಹಸಿ ಬಣ್ಣದ ಮೇಲೆ ಚಾಕ್‌ಪೀಸು ಹಿಡಿಯಲಿಲ್ಲ. ಶಾಂತಾಬಾಯಿ ಅದನ್ನು ಕೆಳಗಿಟ್ಟು, ಅಣ್ಣನ ಡಬ್ಬಿಯಲ್ಲೇ ಬ್ರಷ್ಷು ಅದ್ದಿ ಪಕ್ಕದ ಬಿಳಿ ಗೋಡೆಗೆ ತಿರುಗಿದಳು.

"ಅವ್ವನ ಹೆಸರು ಮ್ಯಾಲ ಬರಿ. ಇಲ್ಲಾಂದ್ರ ಬರೀಲೇಬ್ಯಾಡ," ಎಂದ ಅಣ್ಣ.

"ಮರೆಪ್ಪ ನಿನ್ನಿ ಸಂಜಿಗಿ ಹ್ವಾದ. ನಿಮ್ಮ ಅವ್ವ ಇವತ್ತ ನಸುಕಿನ್ಯಾಗ ಹ್ವಾದ್ರು. ಸಾವಿನ ಪಾಳಿ ನಾ ತಪ್ಪಸಂಗಿಲ್ಲ ರೀ," ಎಂದು ಆಕೆ ಬರೆಯತೊಡಗಿದಳು.

ನೀನಾದರೂ ಹೇಳು ಎಂದು ಅಣ್ಣ ನನ್ನ ಕಡೆ ನೋಡಿದ. ಮುಖಕ್ಕೆ ಹೊಡೆದಂತೆ ಹೇಳಿದೆ: "ಅಣ್ಣಾ, ನಿಮ್ಮ ಮನ್ಯಾಗ ಒಬ್ಬರೂ ನನಗ ಫೋನ್ ಮಾಡಿಲ್ಲ. ನಾ ಬಂದದ್ದು ಈ ಬೋರ್ಡ್ ನೋಡಿ."

ಹಾಗಾದರೆ ಮಣ್ಣಿಗೆ ಬರಬೇಡ ಎಂದ. ಹೋದೆ. ನನ್ನನ್ನು ಎತ್ತಿ ಆಡಿಸಿದ ದೊಡ್ಡವ್ವ ಅವಳು, ಇವನ ಅಪ್ಪಣೆ ಯಾರಿಗೆ ಬೇಕಿತ್ತು? ಮೂರಕ್ಕೆ ಒಂದು ಹಿಡಿ ಮಣ್ಣು ಹಾಕಿ ಅತ್ತೆ.

ಒಂದು ಮಣ್ಣು ಮುಗಿಸಿ ಸ್ನಾನ ಮಾಡದೆ ಇನ್ನೊಂದಕ್ಕೆ ಹೋಗಬಾರದೆಂದು ಹಿರಿಯರು ತಡೆದರು. ಕೇಳಲಿಲ್ಲ. ಮರೆಪ್ಪನ ಓಣಿಯ ದಾರಿ ಹಿಡಿದಾಗ ಹಿಂದೆ ಹೆಜ್ಜೆ ಸಪ್ಪಳ. ಅಣ್ಣನ ಹೆಂಡತಿ, ನಮ್ಮ ವೈನಿ, ತಲೆತುಂಬ ಸೆರಗು ಹೊದ್ದು ಬರುತ್ತಿದ್ದಳು.

"ನಡಿ, ನಾನೂ ಬರ್ತೀನಿ. ಐದಕ್ಕಂತ ಬರ್ದಾಳ," ಎಂದಳು. ಇಬ್ಬರೂ ಹೋಗಿ ಮರೆಪ್ಪನಿಗೂ ಒಂದು ಹಿಡಿ ಮಣ್ಣು ಹಾಕಿದೆವು.

ಆರೂವರೆಯ ಬಸ್ಸು ಸಿಕ್ಕಿತು. ಕಿಟಕಿಯಿಂದ ನೋಡಿದೆ. ಬೋರ್ಡು ಒಣಗಿತ್ತು, ಶಾಂತಾಬಾಯಿ ನಾಳೆ ನೀರು ಬರುವ ಓಣಿಯ ಹೆಸರು ಬರೆಯುತ್ತಿದ್ದಳು. ಪಕ್ಕದ ಗೋಡೆಯಲ್ಲಿ ದಪ್ಪ ಅಕ್ಷರ: ಮೇಲೆ ಮರೆಪ್ಪ, ಕೆಳಗೆ ನಮ್ಮ ದೊಡ್ಡವ್ವ. ಚಾಕ್‌ಪೀಸಿನದಾಗಿದ್ದರೆ ಬೆಳಗಾದರೆ ಒರೆಸಿಹೋಗುತ್ತಿತ್ತು. ಎಣ್ಣೆಬಣ್ಣ ತಂದುಕೊಟ್ಟವನು ನಮ್ಮಣ್ಣನೇ.